ಕೊಟ್ಟು ಕಳಿಸಿದ ಎರಡು ಪ್ಯಾಕೆಟ್

ಆ ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಮ್ಯಾನೇಜರ್ ಒಂದು ಹಾಳೆ ತಂದು ನನ್ನ ಕೀಬೋರ್ಡಿನ ಮೇಲೆಯೇ ಇಟ್ಟರು. ಅದರಲ್ಲಿ ಒಂದು ಬ್ಯಾಚ್ ನಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ಆ ನಂಬರಿನ ಮಾಲು ಎಲ್ಲೆಲ್ಲಿಗೆ ಹೋಗಿದೆಯೆಂದು ಊಟದ ಹೊತ್ತಿನೊಳಗೆ ತೆಗೆದುಕೊಡಬೇಕು ಎಂದರು.

ನಾನಿರುವುದು ತುರ್ಭೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಕೋಳಿ, ಮೀನು, ಬಟಾಣಿ ಎಲ್ಲ ಅಲ್ಲಿ ಬಂದಿಳಿದು ಅಲ್ಲಿಂದ ಅಂಗಡಿಗಳಿಗೆ ಹೋಗುತ್ತವೆ. ಯಾವ ಪೆಟ್ಟಿಗೆ ಯಾವ ಗಾಡಿಯಲ್ಲಿ ಯಾವ ಕಡೆ ಹೋಯಿತೆಂದು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ನಂಬರು ಒತ್ತಿದೆ. ಚಿಕನ್ ಸಲಾಮಿ ಎಂದು ಬಂತು. ಬೇಯಿಸಿದ ಕೋಳಿಮಾಂಸವನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಪ್ಯಾಕ್ ಮಾಡಿದ್ದು, ಬ್ರೆಡ್ಡಿನ ನಡುವೆ ಇಟ್ಟು ಹಾಗೆಯೇ ತಿನ್ನುತ್ತಾರೆ. ಠಾಣೆ, ಕಲ್ಯಾಣ, ಪನ್ವೇಲ್ ಎಂದು ಸಾಲು ಸಾಲಾಗಿ ಇಳಿಯುತ್ತಾ ಹೋಯಿತು.

ಯಾಕೆ ಸರ್ ಎಂದು ಕೇಳಿದೆ. ಸಾತಾರಾ ಕಡೆಯ ಮನುಷ್ಯ, ದಿನಕ್ಕೆ ನಾಲ್ಕು ಸಲವಾದರೂ ನಗಿಸುವವರು. ಅವತ್ತು ನನ್ನ ಮುಖ ನೋಡದೆ ಹಿಂದಿಯಲ್ಲಿ, "ವಾಪಸ್ ಮಂಗಾಯಾ ಹೈ. ಲ್ಯಾಬ್ ಕಾ ಕುಛ್ ಹೈ," ಎಂದರು, ಮಾಲನ್ನು ವಾಪಸ್ ತರಿಸುತ್ತಿದ್ದಾರೆ, ಲ್ಯಾಬಿನದೇನೋ ಇದೆ ಎಂದು. ಹೆಡ್ ಆಫೀಸಿನಿಂದ ಪತ್ರ ಬರುವ ತನಕ ಹೊರಗೆ ಯಾರ ಹತ್ತಿರವೂ ಮಾತಾಡಬಾರದು ಎಂದೂ ಸೇರಿಸಿದರು.

ಪಟ್ಟಿಯ ಕೊನೆಯ ಸಾಲಿನಲ್ಲಿ ಅಂಗಡಿಯ ಹೆಸರಿರಲಿಲ್ಲ. 'ಸ್ಟಾಫ್' ಎಂದಷ್ಟೇ ಇತ್ತು. ಅದನ್ನು ಹಾಕಿದವಳು ನಾನೇ. ಹಿಂದಿನ ಶನಿವಾರ ಫೋರ್ಕ್‌ಲಿಫ್ಟ್ ತಾಗಿ ಕೆಲವು ಪೆಟ್ಟಿಗೆ ಜಜ್ಜಿಹೋಗಿದ್ದವು. ಒಳಗಿನ ಪ್ಯಾಕೆಟ್‌ಗಳಿಗೆ ಏನೂ ಆಗಿರಲಿಲ್ಲ. ಅಂಥದ್ದನ್ನು ಅಂಗಡಿಯವರು ತೆಗೆದುಕೊಳ್ಳುವುದಿಲ್ಲವೆಂದು ನಮಗೆಲ್ಲ ಹಂಚಿದ್ದರು. ಎರಡು ಬ್ಯಾಚಿನ ಮಾಲು ಅದರಲ್ಲಿ ಬೆರೆತಿತ್ತು. ಒಂದು ಬ್ಯಾಚು ಸರಿಯಾದದ್ದು, ಇನ್ನೊಂದು ಈ ಹಾಳೆಯಲ್ಲಿದ್ದದ್ದು. ನನ್ನ ಕೈಗೆ ನಾಲ್ಕು ಪ್ಯಾಕೆಟ್ ಬಂದಿದ್ದವು. ಎರಡನ್ನು ಡೊಂಬಿವಲಿಯ ನಮ್ಮ ಮನೆಗೆ ಒಯ್ದೆ. ಇನ್ನೆರಡನ್ನು ಪ್ಯಾಕಿಂಗಿನ ಹುಡುಗಿಗೆ ಕೊಟ್ಟೆ.

ಅವಳು ಕಲಬುರಗಿ ಕಡೆಯ ಹುಡುಗಿ, ಮೂರು ವರ್ಷ ನಮ್ಮಲ್ಲಿ ಪ್ಯಾಕಿಂಗಿನಲ್ಲಿ ಲೇಬಲ್ ಅಂಟಿಸುತ್ತಿದ್ದಳು. ಇಡೀ ಗೋಡೌನಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನನ್ನ ಕರಾವಳಿ ಕನ್ನಡ ಕೇಳಿ ಅವಳಿಗೆ ನಗು, ಅವಳದು ಕೇಳಿ ನನಗೆ. ಏಳನೇ ತಿಂಗಳು ಹಿಡಿದ ಮೇಲೆ ಚಳಿಯಲ್ಲಿ ನಿಲ್ಲಲಾಗದೆ ಕೆಲಸ ಬಿಟ್ಟಳು. ಆ ಶನಿವಾರ ಗುರುತಿನ ಕಾರ್ಡು, ದಪ್ಪ ಜಾಕೆಟ್ಟು ಹಿಂತಿರುಗಿಸಲು ಬಂದಿದ್ದಳು. ನಾನು ಪ್ಯಾಕೆಟ್ ಮುಂದೆ ಚಾಚಿದರೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ ಅಕ್ಕಾ, ನಮ್ಮ ಮನ್ಯಾಗ ಫ್ರಿಜ್ ಇಲ್ಲ. ನಮ್ಮತ್ತಿನೂ ಇಂಥಾದ್ದು ತಿನ್ನಾಕ ಬಿಡಾಂಗಿಲ್ಲ."

"ಅತ್ತೆಗೆ ಹೇಳಲೇಬೇಕು ಅಂತ ಉಂಟಾ?" ಎಂದೆ ನಾನು. "ಒಗ್ಗರಣೆ ವಾಸನೆಗೆ ವಾಕರಿಕೆ ಬರ್ತದೆ ಅಂತೀಯಲ್ಲ ಮಾರಾಯ್ತಿ. ಇದಕ್ಕೆ ಒಲೆ ಹಚ್ಚುದೇ ಬೇಡ. ಹಾಗೇ ತಿನ್ನುದು. ಬಸುರಿ ಹೆಂಗಸು, ಸ್ವಲ್ಪ ಮೈಗೆ ಹಿಡಿಯುವಂಥದ್ದು ಹೋಗ್ಲಿ ಹೊಟ್ಟೆಗೆ."

ಹೀಗೆ ಹೇಳಿ ಅವಳ ಚೀಲದ ಬಾಯಿ ಬಿಡಿಸಿ ನಾನೇ ತುರುಕಿದೆ. ಬುಧವಾರ ಆ ಹಾಳೆಯ ಮುಂದೆ ಕುಳಿತಾಗ ನನಗೆ ನೆನಪಾದದ್ದು ನನ್ನ ಆ ಮಾತು. 'ಹಾಗೇ ತಿನ್ನುದು.'

ಊಟದ ಹೊತ್ತಿನಲ್ಲಿ ಫೋನ್ ಮಾಡಿದೆ. ಅವಳ ನಂಬರು ಬಂದ್ ಇತ್ತು. ಸಂಜೆ ಠಾಣೆಯಲ್ಲಿ ಇಳಿದು ಗಾಡಿ ಬದಲಿಸುವಾಗ ಮತ್ತೆ ಮಾಡಿದೆ, ಹಾಗೇ ಇತ್ತು. ನಾನು ಹತ್ತಿದ್ದು ಸ್ಲೋ ಲೋಕಲ್. ಅದು ಕಳವಾ, ಮುಂಬ್ರಾ ಕಳೆದು ದಿವಾದಲ್ಲಿ ನಿಂತಿತು. ಅವಳಿರುವುದು ದಿವಾದಲ್ಲಿ. ಬಾಗಿಲಿನ ಹತ್ತಿರವೇ ಇದ್ದೆ, ಇಳಿಯಬಹುದಿತ್ತು. ಪೂರ್ವದ ಕಡೆ ನೀರಿನ ಟಾಕಿಯ ಹಿಂದೆ ಮನೆ ಎಂದು ಅವಳು ಎಂದೋ ಹೇಳಿದ್ದಷ್ಟೇ ಗೊತ್ತು, ಎಲ್ಲಿ ಅಂತ ಹುಡುಕುವುದು, ನಾಳೆ ನೋಡುವ ಎಂದುಕೊಂಡೆ. ಜನ ಒಳಗೆ ನುಗ್ಗಿದರು, ಗಾಡಿ ಹೊರಟಿತು. ಇಳಿಯದೆ ಇದ್ದದ್ದಕ್ಕೆ ದಾರಿ ಗೊತ್ತಿಲ್ಲದ್ದು ಕಾರಣವಾಗಿರಲಿಲ್ಲ. ಅವಳ ಎದುರು ನಿಂತು ಏನು ಹೇಳುವುದೆಂದು ನನಗೆ ತಿಳಿದಿರಲಿಲ್ಲ.

ಮನೆಗೆ ಬಂದವಳೇ ಮಗಳನ್ನು ಹೊಟ್ಟೆನೋವು ಉಂಟಾ, ಜ್ವರ ಉಂಟಾ ಎಂದು ಕೇಳಿದೆ. ಅವಳು ಹತ್ತನೇ ಕ್ಲಾಸು, ಇಲ್ಲೇ ಹುಟ್ಟಿದವಳು. ನಾನು ಏನು ಕೇಳಿದರೂ ಉತ್ತರ ಬರುವುದು ಮರಾಠಿಯಲ್ಲಿ. "ನಾಹೀ ಗಂ ಮಮ್ಮಿ. ಕಾಯ್ ಝಾಲಂ?" ಎಂದಳು, ಇಲ್ಲ, ಏನಾಯಿತು ಎಂದು. ಹೇಳಿದೆ. ಅವಳ ಮುಖ ಸಣ್ಣದಾಯಿತು. ಸೋಮವಾರ ಡಬ್ಬಿಗೆ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ಇಬ್ಬರು ಗೆಳತಿಯರ ಜೊತೆ ಹಂಚಿ ತಿಂದಿದ್ದಳು.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹಸಿ ಕಸ ದಿನವೂ ಹೋಗುತ್ತದೆ, ಒಣ ಕಸ ಮಾತ್ರ ಗುರುವಾರ. ಹಾಗಾಗಿ ಖಾಲಿ ಪ್ಯಾಕೆಟ್ ಇನ್ನೂ ಕೆಳಗಿನ ಡ್ರಮ್ಮಿನಲ್ಲಿ ಇರಬೇಕಿತ್ತು. ನಾನೂ ಮಗಳೂ ಹೋಗಿ ಚೀಲ ಚೀಲ ಬಿಚ್ಚಿ ಹುಡುಕಿದೆವು. ಮೇಲಿನ ಮಹಡಿಯ ಹೆಂಗಸು ತರಕಾರಿ ಹಿಡಿದು ಬರುವಾಗ ನೋಡಿ, ಬಂಗಾರ ಬಿತ್ತಾ ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಕೊನೆಗೂ ಎರಡು ಪ್ಯಾಕೆಟ್ ಸಿಕ್ಕವು. ನಂಬರು ಇರುವುದು ಮೇಲಿನ ಅಂಚಿನಲ್ಲಿ. ನಾನು ಕತ್ತರಿಯಿಂದ ಅಂಚನ್ನು ಪೂರ್ತಿ ಕತ್ತರಿಸಿ ತೆಗೆಯುವವಳು, ಅದು ಮೊದಲಿನಿಂದ ನನ್ನ ಅಭ್ಯಾಸ. ಎರಡರಲ್ಲೂ ಅಂಚಿರಲಿಲ್ಲ. ಕತ್ತರಿಸಿದ ಚೂರು ಅಡುಗೆಮನೆಯ ಹಸಿ ಕಸದ ಜೊತೆ ಆಗಲೇ ಹೋಗಿಯಾಗಿತ್ತು. ನಾವು ತಿಂದದ್ದು ಆ ಬ್ಯಾಚೇ ಹೌದೋ ಅಲ್ಲವೋ, ಈ ಹೊತ್ತಿನವರೆಗೂ ನನಗೆ ಗೊತ್ತಿಲ್ಲ.

ಗಂಡ ಬಂದ ಮೇಲೆ ಅವರಿಗೂ ಹೇಳಿದೆ. "ನಾಲ್ಕು ದಿನ ಆಯ್ತಲ್ಲ. ಎಂತಾದ್ರೂ ಆಗುದಿದ್ರೆ ಇಷ್ಟರಲ್ಲಿ ಆಗ್ತಿತ್ತು," ಎಂದು ಊಟಕ್ಕೆ ಕುಳಿತರು. ನಾನು ತಟ್ಟೆ ಮುಂದಿಟ್ಟುಕೊಂಡು ಫೋನಿನಲ್ಲಿ ಓದುತ್ತಿದ್ದೆ. ಕೆಟ್ಟ ಮಾಂಸದಿಂದ ಬರುವ ಕಾಯಿಲೆಗಳಲ್ಲಿ ಕೆಲವು ಮರುದಿನವೇ ತೋರುತ್ತವೆ, ಕೆಲವು ವಾರಗಟ್ಟಲೆ ಸುಮ್ಮನಿರುತ್ತವೆ. ಯಾವ ಪುಟ ತೆರೆದರೂ ಎಲ್ಲೋ ಒಂದು ಕಡೆ ಬಸುರಿಯರ ಮಾತು ಬರುತ್ತಿತ್ತು. ತಾಯಿಗೆ ಬರೀ ಸಣ್ಣ ಜ್ವರ ಬಂದು ಹೋಗಬಹುದು, ಒಳಗಿನ ಮಗುವಿಗೆ ಅಷ್ಟು ಹಗುರವಾಗಿ ಹೋಗುವುದಿಲ್ಲ ಎಂದು ಬರೆದಿತ್ತು. ಮಗಳ ಗೆಳತಿಯರ ಅಮ್ಮಂದಿರಿಗೆ ಫೋನ್ ಮಾಡಿ ಹೇಳಿದೆ. ಒಬ್ಬರು ಹೇಳಿದ್ದು ಒಳ್ಳೆಯದಾಯಿತು ಎಂದರು. ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟರು.

ಬೆಳಿಗ್ಗೆ ಎದ್ದು ರಜೆ ಹಾಕಿ ದಿವಾಕ್ಕೆ ಹೋದೆ. ಟಾಕಿಯ ಹಿಂದೆ ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಕಟ್ಟಡಗಳು. ಟ್ಯಾಂಕರಿನ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರಲ್ಲಿ ಇಬ್ಬರು ಕನ್ನಡ ಆಡುತ್ತಿದ್ದರು. ತುರ್ಭೆಗೆ ಕೆಲಸಕ್ಕೆ ಹೋಗುತ್ತಿದ್ದ ಬಸುರಿ ಎಂದು ಕೇಳಿದ್ದೇ, ಒಬ್ಬಳು ಬಿಂದಿಗೆ ಇಳಿಸಿ ಬಂದು ಬಾಗಿಲ ತನಕ ಬಿಟ್ಟಳು.

ಅವಳು ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತಿದ್ದಳು. ಆ ಸೆಕೆಯಲ್ಲಿ ಮೈತುಂಬ ಚಾದರ ಹೊದ್ದಿದ್ದಳು.

"ಅಯ್ಯ, ಅಕ್ಕಾ ನೀವು? ಬರ್ರಿ, ಒಳಗ ಬರ್ರಿ. ಫೋನ್ ನೀರಾಗ ಬಿದ್ದು ಕೆಟ್ಟಾದ ನೋಡ್ರಿ."

"ಯಾಕೆ ಹೊದ್ದುಕೊಂಡಿದ್ದೀ?"

"ಏನಿಲ್ರಿ. ಎರಡು ದಿನದಿಂದ ಸಣ್ಣಗ ಜ್ವರ. ಮೈ ಕೈ ನೋವು. ಬಸುರಾಗ ಹಿಂಗ ಇರ್ತಾದಂತ ನಮ್ಮತ್ತಿ ಅಂದ್ರು."

ಅತ್ತೆ ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿದ್ದರು. ಅರವತ್ತರ ಆಚೀಚಿನ ಹೆಂಗಸು, ಸೊಸೆಯ ಬಾಣಂತನಕ್ಕೆಂದು ಊರಿನಿಂದ ಬಂದವರು. ಅವರಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ನನಗೆ ಕುಂದರ್ರಿ ಎಂದು ಮಣೆ ಸರಿಸಿದರು. ನಾನು ಕುಳಿತುಕೊಳ್ಳದೆ, ಶನಿವಾರ ಕೊಟ್ಟ ಪ್ಯಾಕೆಟ್ ತಿಂದೆಯಾ ಎಂದು ಅವಳನ್ನು ಕೇಳಿದೆ.

ಅವಳು ಅತ್ತೆಯ ಕಡೆ ನೋಡಿ ದನಿ ಇಳಿಸಿದಳು. "ಒಂದು ತಿಂದೆನ್ರಿ. ಒಂದು ಮಗ್ಗಲ ಮನಿಯವರ ಫ್ರಿಜ್ಜಿನಾಗ ಇಟ್ಟೀನಿ. ಯಾಕ?"

ಖಾಲಿ ಪ್ಯಾಕೆಟ್ ಎಲ್ಲಿ ಎಂದೆ. ಅದಕ್ಕೆ ಬಾಯಿಮುಚ್ಚುವ ಪಟ್ಟಿಯಿದ್ದುದರಿಂದ ಎಸೆದಿರಲಿಲ್ಲ. ತೊಳೆದು ಒಣಗಿಸಿ ಕೂಸಿಗೆಂದು ಹೊಲಿಯುತ್ತಿದ್ದ ಕುಲಾವಿಯ ಗುಂಡಿ, ದಾರ, ಸೂಜಿ ತುಂಬಿ ಇಟ್ಟಿದ್ದಳು. ಅಂಚು ಹಾಗೇ ಇತ್ತು. ಬೆಳಕಿಗೆ ಹಿಡಿದು ಓದಿದೆ. ಹಾಳೆಯಲ್ಲಿದ್ದ ನಂಬರೇ. ಇನ್ನೊಂದು ಸಲ ಓದಿದೆ.

ಆಮೇಲೆ ಹೇಳಿದೆ. ಚೆನ್ನಾಗಿ ಜೋಡಿಸಿ ಹೇಳಬೇಕೆಂದು ಗಾಡಿಯಲ್ಲಿ ಅಂದುಕೊಂಡು ಬಂದದ್ದೆಲ್ಲ ಹೋಯಿತು. ಈ ಮಾಲನ್ನು ಕಂಪನಿ ವಾಪಸ್ ಕರೆಸುತ್ತಿದೆ, ಏನೋ ಕ್ರಿಮಿ ಸಿಕ್ಕಿದೆಯಂತೆ, ಈಗಲೇ ದವಾಖಾನೆಗೆ ಹೋಗಬೇಕು ಎಂದೆ. ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು. ಅತ್ತೆ ರೊಟ್ಟಿ ಕೆಳಗಿಟ್ಟು, ಹಿಟ್ಟಿನ ಕೈ ಒರೆಸಿಕೊಳ್ಳದೆ ಎದ್ದು ಬಂದರು.

"ಆಕಿ ಬ್ಯಾಡ ಅಂದಿದ್ಳಾ ಇಲ್ಲಾ?"

"ಅಂದಿದ್ಳು ಅಮ್ಮಾ."

"ಮತ್ತ ಯಾಕ ಕೊಟ್ಟಿ?"

ಪ್ರೀತಿಯಿಂದ ಕೊಟ್ಟೆ ಎನ್ನಬಹುದಿತ್ತು. ಆ ಮಾತು ಆ ಮನೆಯಲ್ಲಿ ಬಾಯಿಗೆ ಬರಲಿಲ್ಲ.

ದಿವಾದ ಲೋಕಲ್ಲಿಗೆ ಅವಳನ್ನು ಹತ್ತಿಸುವುದು ಸಾಧ್ಯವಿರಲಿಲ್ಲ. ರಿಕ್ಷಾ ಹಿಡಿದು ಮುಂಬ್ರಾ ದಾಟಿ ಠಾಣೆಯ ಕಡೆಯ ಸರಕಾರಿ ಆಸ್ಪತ್ರೆಗೆ ಹೋದೆವು. ಅವಳ ಗಂಡನಿಗೆ ಮಗ್ಗುಲ ಮನೆಯವರು ಫೋನ್ ಮಾಡಿದರು, ಫ್ರಿಜ್ಜಿನಲ್ಲಿದ್ದ ಪ್ಯಾಕೆಟ್ಟನ್ನೂ ತಂದು ನನ್ನ ಕೈಗೆ ಕೊಟ್ಟರು. ಅವನು ಕಲ್ಯಾಣದ ಆಚೆ ಒಂದು ಕಟ್ಟಡದ ಕೆಲಸದಲ್ಲಿದ್ದ, ಬರುವಾಗ ಸಂಜೆಯಾಗುತ್ತಿತ್ತು. ದಾರಿಯುದ್ದಕ್ಕೂ ಅತ್ತೆ ಸೊಸೆಯ ಕೈ ಹಿಡಿದಿದ್ದರು. ನಾನು ಡ್ರೈವರಿನ ಪಕ್ಕದಲ್ಲಿ ಅರ್ಧ ಹೊರಗೆ ಕುಳಿತಿದ್ದೆ. ಕುಳಿತೇ ಮಗು ಒದೆಯುತ್ತಿದೆಯಾ ಎಂದು ಒಂದು ಸಲ ಕೇಳಿದೆ. ಮುಂಜಾನೆ ಒದ್ದಿತ್ತು ಎಂದಳು. ಮತ್ತೆ ಕೇಳುವ ಧೈರ್ಯವಾಗಲಿಲ್ಲ.

ಹೆರಿಗೆ ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೊದಲು ಹೊಟ್ಟೆಗೆ ಯಂತ್ರವಿಟ್ಟು ಮಗುವಿನ ಎದೆಬಡಿತ ಕೇಳಿದರು, ಸರಿಯಾಗಿದೆ ಎಂದರು. ನಾನು ಪ್ಯಾಕೆಟ್ ತೋರಿಸಿ ನಡೆದದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಲ್ಯಾಬಿನಲ್ಲಿ ಸಿಕ್ಕಿದ ಕ್ರಿಮಿ ಯಾವುದು ಎಂದು ಕೇಳಿದರು. ಹೆಸರು ಗೊತ್ತಾದರೆ ಯಾವ ಔಷಧಿ ಎಂದು ತಿಳಿಯುತ್ತದೆ, ರಕ್ತದ ರಿಪೋರ್ಟಿಗೆ ಕಾಯಬೇಕಾಗಿಲ್ಲ ಎಂದರು.

ಕಾರಿಡಾರಿಗೆ ಬಂದು ಮ್ಯಾನೇಜರಿಗೆ ಫೋನ್ ಮಾಡಿದೆ. ಲೇಬಲ್ ಅಂಟಿಸುತ್ತಿದ್ದ ಹುಡುಗಿ, ಬಸುರಿ, ತಿಂದಿದ್ದಾಳೆ, ಜ್ವರ ಬಂದಿದೆ, ಕ್ರಿಮಿಯ ಹೆಸರು ಬೇಕು ಎಂದೆ. ಅವರು, ನನಗೆ ಹೇಳುವ ಅಧಿಕಾರ ಇಲ್ಲ, ನಿನಗೂ ಹೇಳಬೇಡ ಅಂದಿದ್ದೆ ಎಂದು ಫೋನ್ ಇಟ್ಟುಬಿಟ್ಟರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತೆ. ಹತ್ತು ನಿಮಿಷ ಕಳೆದಿರಬೇಕು, ಫೋನ್ ಸದ್ದು ಮಾಡಿತು. ಅವರ ನಂಬರಿನಿಂದ ಒಂದು ಫೋಟೋ ಬಂದಿತ್ತು. ಲ್ಯಾಬಿನ ರಿಪೋರ್ಟು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ.

ಡಾಕ್ಟರು ಅದನ್ನು ದೊಡ್ಡದು ಮಾಡಿ ಓದಿದರು. ಆಮೇಲೆ ಹಿಂದಿಯಲ್ಲಿ ಹೇಳತೊಡಗಿದರು. ಅತ್ತೆ ನನ್ನ ಮುಖ ನೋಡಿ, "ಏನಂತಾರ?" ಎಂದರು. ಅಲ್ಲಿ ಆ ಮಾತನ್ನು ಕನ್ನಡಕ್ಕೆ ತರಬೇಕಾದವಳು ನಾನೇ.

"ಸೂಜಿಮದ್ದು ಕೊಡ್ತಾರಂತೆ. ಕೆಲವು ದಿನ ಇಲ್ಲೇ ಇರ್ಬೇಕಂತೆ. ಹೆದರುವಂಥದ್ದು ಏನೂ ಇಲ್ಲ ಅಂತಾರೆ," ಎಂದೆ.

ಮಂಚದ ಮೇಲಿದ್ದ ಅವಳು ಕಣ್ಣು ತೆರೆದಳು. ಮೂರು ವರ್ಷ ಪ್ಯಾಕಿಂಗಿನಲ್ಲಿ ನಿಂತು ಹಿಂದಿ ಕಲಿತವಳು.

"ಅಕ್ಕಾ, ಅವರು ಹಂಗ ಅನ್ನಲಿಲ್ಲ. ಏನ್ ಅಂದ್ರೋ ಅದನ್ನ ಹೇಳ್ರಿ ನಮ್ಮತ್ತಿಗಿ."

ನಾನು ಅತ್ತೆಯ ಕಡೆ ತಿರುಗಿ ಹೇಳಿದೆ. ಈ ಕ್ರಿಮಿ ರಕ್ತಕ್ಕೆ ಸೇರಿದ್ದರೆ ಮಗುವಿಗೂ ಹೋಗಬಹುದು. ಹೋದರೆ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಮಗು ಉಳಿಯದೆಯೂ ಇರಬಹುದು. ಬೇಗ ಬಂದದ್ದರಿಂದ ಮದ್ದು ಹಿಡಿಯುವ ನಂಬಿಕೆ ಅವರಿಗೆ ಇದೆ, ಖಚಿತವಾಗಿ ಈಗ ಏನೂ ಹೇಳಲಾಗದು. ಇಷ್ಟನ್ನೂ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. "ಈಗ ಖರೇ ಹೇಳಿದಿ," ಎಂದು ಸೆರಗಿನಿಂದ ಸೊಸೆಯ ಹಣೆ ಒರೆಸಿದರು.

ಆ ಒಂದು ವಾರ ದಿನವೂ ಕೆಲಸ ಮುಗಿಸಿ ಠಾಣೆಯಲ್ಲಿ ಇಳಿದು ಆಸ್ಪತ್ರೆಗೆ ಹೋದೆ. ಅವಳ ಗಂಡ ನನ್ನ ಜೊತೆ ಮಾತಾಡುತ್ತಿರಲಿಲ್ಲ. ನಾನು ಬಂದರೆ ಎದ್ದು ಸ್ಟೂಲ್ ಬಿಟ್ಟುಕೊಟ್ಟು ಹೊರಗೆ ಹೋಗುತ್ತಿದ್ದ. ಮನೆಯಿಂದ ನಾನು ಏನೂ ಒಯ್ಯುತ್ತಿರಲಿಲ್ಲ. ಮೊದಲ ದಿನ ಗಂಜಿ ಮಾಡಿ ಡಬ್ಬಿಗೆ ಹಾಕಿದವಳು ನಮ್ಮ ಮನೆ ಬಾಗಿಲ ತನಕ ಹೋಗಿ ಅದನ್ನು ಅಲ್ಲೇ ಬಿಟ್ಟು ಹೊರಟೆ. ನನ್ನ ಕೈಯಿಂದ ಇನ್ನೇನು ತಿನ್ನು ಅಂತ ಹೇಳುವುದು? ಮನೆಯಲ್ಲಿ ಮಗಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ, ಅವಳು ರೇಗುತ್ತಿದ್ದಳು. ಗಂಡನಿಗೆ ಒಂದು ದಿನ ಹೊಟ್ಟೆ ಕೆಟ್ಟಿತು. ಆಫೀಸಿನ ಹತ್ತಿರ ತಿಂದ ಮಿಸಳ್ ಖಾರ ಇತ್ತು ಎಂದು ಅವರು ಎಷ್ಟು ಹೇಳಿದರೂ ನಾನು ಕೇಳಲಿಲ್ಲ, ಡಾಕ್ಟರ ಹತ್ತಿರ ಕರೆದೊಯ್ದೆ. ಅದು ಖಾರವೇ ಆಗಿತ್ತು.

ಮೂರನೇ ದಿನ ಅವಳ ಜ್ವರ ಇಳಿಯಿತು. ರಕ್ತದ ರಿಪೋರ್ಟು ಬಂದಾಗ ಅದರಲ್ಲಿ ಯಾವ ಕ್ರಿಮಿಯೂ ಸಿಕ್ಕಿರಲಿಲ್ಲ. ಹಾಗಾದರೆ ಕ್ರಿಮಿ ಒಳಗೆ ಹೋಗಿಯೇ ಇರಲಿಲ್ಲವಾ ಎಂದು ಡಾಕ್ಟರನ್ನು ಕೇಳಿದೆ. ಹೋಗದೆ ಇರಲೂಬಹುದು, ಹೋಗಿದ್ದೂ ಸಿಕ್ಕದೆ ಇರಲೂಬಹುದು, ಬರೀ ಸಾದಾ ಜ್ವರವೂ ಇರಬಹುದು, ನಾನು ಮದ್ದು ಮಾತ್ರ ಪೂರ್ತಿ ಕೊಡುತ್ತೇನೆ ಎಂದರು. ನನಗೆ ಒಂದು ಹೌದು ಅಥವಾ ಇಲ್ಲ ಬೇಕಿತ್ತು. ಅವರ ಹತ್ತಿರ ಅದು ಇರಲಿಲ್ಲ.

ಅಷ್ಟರಲ್ಲಿ ಹೆಡ್ ಆಫೀಸಿನ ಪತ್ರ ಬಂತು. ಮಾಲು ಗಾಡಿಗಳಲ್ಲಿ ವಾಪಸ್ ಬಂತು. ಅಂಗಡಿಗಳ ಗಾಜಿಗೆ ಸಣ್ಣ ನೋಟಿಸ್ ಅಂಟಿಸಿದರು, ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲೂ ನೋಡಿದೆ. ಅದು ಇಂಗ್ಲಿಷಿನಲ್ಲಿತ್ತು. ಹಾಲು, ಮೊಸರು ಕೊಳ್ಳುವವರು ಅದರ ಪಕ್ಕದಲ್ಲೇ ನಿಂತು ಚಿಲ್ಲರೆ ಎಣಿಸುತ್ತಿದ್ದರು. ನಮ್ಮಲ್ಲಿಗೆ ಹೆಡ್ ಆಫೀಸಿನ ಒಬ್ಬ ಅಧಿಕಾರಿ ಬಂದು, ಪತ್ರಕ್ಕೆ ಮೊದಲೇ ಆಸ್ಪತ್ರೆಗೆ ವಿಷಯ ಹೋದದ್ದು ಹೇಗೆ ಎಂದು ವಿಚಾರಿಸಿದರು. ನಾನು ಹೇಳಿದೆ ಎಂದೆ. ರಿಪೋರ್ಟು ಯಾರು ಕೊಟ್ಟರು ಎಂದಾಗ, ಮೇಜಿನ ಮೇಲಿತ್ತು, ನಾನೇ ಫೋಟೋ ತೆಗೆದೆ ಎಂದೆ. ಮ್ಯಾನೇಜರ್ ಅಲ್ಲೇ ನಿಂತು ಕಿಟಕಿಯ ಹೊರಗೆ ಗಾಡಿಗಳನ್ನು ನೋಡುತ್ತಿದ್ದರು. ಮುಂದಿನ ತಿಂಗಳು ನನ್ನನ್ನು ಕಂಪ್ಯೂಟರಿನಿಂದ ತೆಗೆದು ಮಾಲು ಇಳಿಸುವ ಬಾಗಿಲಿಗೆ ಹಾಕಿದರು. ಅಲ್ಲಿ ಚಳಿ ಜಾಸ್ತಿ. ಮ್ಯಾನೇಜರ್ ಆ ಬಗ್ಗೆ ಯಾವತ್ತೂ ಮಾತೆತ್ತಲಿಲ್ಲ. ಒಮ್ಮೆ ಮಾತ್ರ ಚಹಾ ತಂದುಕೊಟ್ಟು, "ಲಡಕೀ ಕೈಸೀ ಹೈ?" ಎಂದು ಕೇಳಿದರು, ಹುಡುಗಿ ಹೇಗಿದ್ದಾಳೆ ಎಂದು. ಆಗ ಅವಳಿಗೆ ಎಂಟು ತಿಂಗಳು ತುಂಬಿತ್ತು. ಚೆನ್ನಾಗಿದ್ದಾಳೆ ಎಂದೆ.

ಅವಳಿಗೆ ದಿನ ತುಂಬಿಯೇ ಹೆರಿಗೆಯಾಯಿತು. ಹೆಣ್ಣು ಮಗು. ಹೇಳಿ ಕಳಿಸಿದವರು ಯಾರೂ ಇಲ್ಲ, ನಾನೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿದುಕೊಂಡೆ. ಹದಿನೈದು ದಿನ ಬಿಟ್ಟು ಒಂದು ಭಾನುವಾರ ಒಂದು ಜೊತೆ ಬಟ್ಟೆ ಹಿಡಿದು ದಿವಾಕ್ಕೆ ಹೋದೆ. ತಿನ್ನುವ ವಸ್ತು ಏನೂ ಒಯ್ಯಲಿಲ್ಲ.

ಅವಳು ನನ್ನನ್ನು ನೋಡಿ ನಕ್ಕಳು, ಮೊದಲಿನಂತೆ ಅಲ್ಲದಿದ್ದರೂ ನಕ್ಕಳು. ಮಗು ನಿದ್ದೆ ಮಾಡುತ್ತಿತ್ತು. ಎತ್ತಿಕೊಳ್ಳಲೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಗು ಉಸಿರಾಡುವುದನ್ನೇ ನೋಡುತ್ತಾ ಕುಳಿತಿದ್ದೆ.

"ಆ ಮದ್ದಿನಿಂದ ಕೂಸಿನ ಕಿವಿಗಿ ಏನರ ಆಗ್ಯಾದೇನಂತ ನೋಡಿದ್ರು, ಛಲೋ ಕೇಳಸ್ತಾವ ಅಂದಾರ ಡಾಕ್ಟರು. ಮತ್ತ ಆರು ತಿಂಗಳಿಗೊಮ್ಮಿ ತೋರಿಸ್ಬೇಕಂತ," ಎಂದಳು.

"ನಾನೂ ಬರ್ಲಾ ಆಗ?"

"ನೋಡೋಣ್ರಿ ಅಕ್ಕಾ," ಎಂದಳು. ಅದರ ಅರ್ಥ ಬೇಡ ಎಂದು ನನಗೆ ತಿಳಿಯಿತು. ಅವಳ ಮೇಲೆ ಬೇಸರವಾಗಲಿಲ್ಲ.

ಹೊರಡಲು ಎದ್ದಾಗ ಅತ್ತೆ ಒಳಗಿನಿಂದ ಒಂದು ರಟ್ಟಿನ ಡಬ್ಬ ತಂದರು. ಬಾಣಂತಿ ಹಾಲಿಗೆ ಬೆರೆಸಿ ಕುಡಿಯಲೆಂದು ಯಾರೋ ಕೊಟ್ಟ ಪುಡಿ. ಅವರಿಗೆ ಓದಲು ಬಾರದು.

"ಇದರ ಮ್ಯಾಲ ಏನ್ ಬರದಾರ ನೋಡು. ಕೊಡಬಹುದಾ ಆಕಿಗಿ?"

ನಾನು ಬಾಗಿಲ ಬೆಳಕಿಗೆ ಹೋಗಿ ತಳ, ಅಂಚು, ಮುಚ್ಚಳ ಎಲ್ಲ ತಿರುಗಿಸಿ ಓದಿದೆ. ತಾರೀಖು ಮೀರಿರಲಿಲ್ಲ, ಸೀಲು ಒಡೆದಿರಲಿಲ್ಲ. ಅದನ್ನು ಹೇಳಿದೆ. ಅಷ್ಟು ಸಾಕಾ ಎಂದು ಅವರು ನನ್ನ ಮುಖ ನೋಡಿದರು.

"ಮೇಲೆ ಬರೆದದ್ದು ಇಷ್ಟೇ ಅಮ್ಮಾ. ಒಳಗಿನದ್ದು ನನಗೆ ಗೊತ್ತಾಗುದಿಲ್ಲ," ಎಂದೆ.

ಅವರು ಡಬ್ಬವನ್ನು ತೆಗೆದುಕೊಂಡು ಮೇಲಿನ ಹಲಗೆಯ ಮೇಲಿಟ್ಟು, "ಇರಲಿ. ನಾ ರವಾ ಗಂಜಿ ಮಾಡಿ ಕೊಡ್ತೀನಿ," ಎಂದು ಒಲೆ ಹಚ್ಚಲು ಹೋದರು. ನಾನು ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ದಾರಿ ಹಿಡಿದೆ.